ಕಟ್ಟಿಟ್ಟ ಮ್ಯಾಟರ್

ಬೆಳಗ್ಗೆ ಎಂಟಕ್ಕೆ ಅಂಗಡಿಯ ಶಟರ್ ಎತ್ತಿ, ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ ಕಂಪ್ಯೂಟರ್ ಮುಂದೆ ಕೂತರೆ ಅದು ಮೊದಲು ಹೇಳುವ ಮಾತೇ ಇದು: ಹಗೇವನ್ನು ಓದಬಹುದು, ಬರೆಯುವಂತಿಲ್ಲ. ನನಗೆ ಐವತ್ತೆಂಟು ವರ್ಷ. ಇಷ್ಟು ವರ್ಷದಲ್ಲಿ ಏನೇನು ಮಾಡುವಂತಿಲ್ಲ ಅಂತ ಹೇಳಿದವರು ಬಹಳ ಜನ ಆಗಿ ಹೋಗಿದ್ದಾರೆ. ಈಗ ಕಂಪ್ಯೂಟರಿನದೂ ಒಂದು.

ಹಗೇವು ಅಂದರೆ ಹಿಂದೆ ಅಂಗಳದಲ್ಲಿ ಜೋಳ ತುಂಬಿಡುತ್ತಿದ್ದ ನೆಲದ ಗುಂಡಿ. ನಮ್ಮ ಕಂಪ್ಯೂಟರಿನಲ್ಲೂ ಒಂದಿದೆ. ಎಂಟು ತಿಂಗಳ ಹಿಂದೆ ನನ್ನ ಹಳೆಯ ಯಂತ್ರ ಸುಟ್ಟುಹೋದಾಗ ನಮ್ಮ ಯಜಮಾನರ ಯಂತ್ರದ ಡಿಸ್ಕನ್ನೇ ಮೂರು ಭಾಗ ಮಾಡಿಸಿದೆವು. ಒಂದರಲ್ಲಿ ಅವರ ವಿಂಡೋಸ್, ಇನ್ನೊಂದರಲ್ಲಿ ನನ್ನ ಲಿನಕ್ಸ್, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬೇಕು. ಮೂರನೆಯದು ಇಬ್ಬರಿಗೂ ಸೇರಿದ್ದು. ನಾನು ಇಟ್ಟದ್ದನ್ನು ಅವರು ತೆಗೆಯಬೇಕು, ಅವರು ಇಟ್ಟದ್ದನ್ನು ನಾನು ತೆಗೆಯಬೇಕು. ಅದಕ್ಕೆ ಹಗೇವು ಅಂತ ಹೆಸರಿಟ್ಟವರೂ ಅವರೇ.

ಬೆಳಗಿನ ಪಾಳಿ ನನ್ನದು. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಕುರಿ ವಿಮೆ, ಪಿಂಚಣಿ, ಹೀಗೆ ಆನ್‌ಲೈನ್ ಕೆಲಸವೆಲ್ಲ ನನಗೆ. ಮಧ್ಯಾಹ್ನ ಮೂರರಿಂದ ಅವರದು. ಲಗ್ನಪತ್ರಿಕೆ, ಶ್ರದ್ಧಾಂಜಲಿ, ಸಂಘದ ಲೆಟರ್‌ಹೆಡ್ಡು. ಪ್ರಿಂಟರ್ ವಿಂಡೋಸಿನ ಮಾತು ಮಾತ್ರ ಕೇಳುತ್ತದೆ. ಹಾಗಾಗಿ ನಾನು ಬೆಳಗ್ಗೆ ಟೈಪ್ ಮಾಡಿದ್ದನ್ನು ಹಗೇವಿಗೆ ಹಾಕದಿದ್ದರೆ ಸಂಜೆ ಅದು ಹಾಳೆಗೆ ಇಳಿಯುವುದಿಲ್ಲ. ಟೈಪಿಂಗ್ ಕೆಲಸ ವಾರಕ್ಕೊಂದು ಬಂದರೆ ಹೆಚ್ಚು. ಬಂದ ದಿನ ಹಗೇವಿಗೆ ಬೀಗ ಬಿದ್ದಿರುತ್ತಿತ್ತು. ಆಗ ನಾನು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ ನೋಡಿಕೊಂಡು ಒಂದು ಸಾಲು ಹೊಡೆಯುತ್ತಿದ್ದೆ, ಪಾಸ್‌ವರ್ಡ್ ಹಾಕುತ್ತಿದ್ದೆ, ಬೀಗ ತೆಗೆಯುತ್ತಿತ್ತು. ಚೀಟಿ ಬರೆದುಕೊಟ್ಟವನು ಗವಿಸಿದ್ದೇಶ, ಬಸ್‌ಸ್ಟ್ಯಾಂಡ್ ಹಿಂದೆ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುವವನು. ಆ ಸಾಲಿಗೆ ಏನರ್ಥ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎದುರಿಗೆ ನಾಲ್ಕು ಜನ ಆಧಾರ್ ಕಾರ್ಡು ಹಿಡಿದು ನಿಂತಿರುವಾಗ ಅರ್ಥ ಕೇಳಿಕೊಂಡು ಕೂರುವವರು ಯಾರು.

ನಮ್ಮವರ ಹೆಸರು ಗುರುಸಂಗಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಅಂತ ಹೇಳಿರಲಿಲ್ಲ. ಅವರಪ್ಪನ ಕಾಲದಿಂದ ಕೊಟ್ಟೂರಿನಲ್ಲಿ ಮುದ್ರಣಾಲಯ. ಹನ್ನೆರಡನೇ ವಯಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಕೂತವರು. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಊರಿನ ಎಷ್ಟೋ ಕಂಪೋಜಿಟರುಗಳು ಬೇರೆ ಕೆಲಸ ಹಿಡಿದರು. ಇವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲು ಹದಿನೈದು ದಿನದಲ್ಲಿ ಕಲಿತರು. ಆದರೆ ಕೈ ಕಂಪ್ಯೂಟರಿನ ಮೇಲೆ, ತಲೆ ಮೊಳೆಯ ಖಾನೆಯೊಳಗೆ.

ಪ್ರೆಸ್ಸಿನಲ್ಲಿ ಪುಟ ಜೋಡಿಸಿ ಆದ ಮೇಲೆ ಸುತ್ತ ದಾರ ಬಿಗಿದು ಮೂಲೆಗಿಡುತ್ತಾರೆ. ಅದು ಕಟ್ಟಿಟ್ಟ ಮ್ಯಾಟರ್. ಹದಿನಾರು ಪುಟ ಸೇರಿದರೆ ಒಂದು ಫಾರಂ. ಫಾರಂ ತುಂಬುವ ತನಕ ಮಷಿನ್ನಿಗೆ ಹಾಕುವಂತಿಲ್ಲ, ಕಟ್ಟಿದ್ದನ್ನು ಬಿಚ್ಚುವಂತಿಲ್ಲ. ವರ್ಷ ಕಳೆದರೂ ಅದು ಇಟ್ಟಲ್ಲೇ ಇಟ್ಟ ಹಾಗೇ ಇರುತ್ತದೆ. ಕಂಪ್ಯೂಟರನ್ನೂ ಇವರು ಹಾಗೇ ನಡೆಸಿಕೊಂಡರು. ಸಂಜೆ ಎಂಟಕ್ಕೆ ಏಳುವಾಗ ಅದನ್ನು ಪೂರ್ತಿ ಬಂದ್ ಮಾಡುವುದಿಲ್ಲ. ಗುಂಡಿ ಒತ್ತಿ ಮಲಗಿಸಿ ಬರುತ್ತಾರೆ. ಮರುದಿನ ಎಬ್ಬಿಸಿದರೆ ನಿನ್ನೆ ಬಿಟ್ಟ ಸಾಲಿನಲ್ಲೇ ಅಕ್ಷರ ಮಿನುಗುತ್ತಿರಬೇಕು. ಗಿರಾಕಿಗಳ ಕೆಲಸವನ್ನು ಆಗಿಂದಾಗ ಸೇವ್ ಮಾಡುತ್ತಾರೆ. ತಮ್ಮ ಪುಸ್ತಕವನ್ನು ಮಾತ್ರ ಹದಿನಾರು ಪುಟ ತುಂಬಿದ ಮೇಲೆ ಒಂದೇ ಸಲ. ಎಷ್ಟೋ ವರ್ಷ ಹೀಗೇ ಮಾಡಿದರು, ಒಂದಕ್ಷರ ಹೋಗಿರಲಿಲ್ಲ.

ಪುಸ್ತಕದ ಹೆಸರು ‘ಐದು ತಾಲೂಕಿನ ಮಾತು’. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಒಂದೇ ವಸ್ತುವಿಗೆ ಯಾವ ಊರಲ್ಲಿ ಏನನ್ನುತ್ತಾರೆ ಅನ್ನುವ ಪಟ್ಟಿ. ಝೆರಾಕ್ಸಿಗೆ ಬಂದವರನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ. ಕಸಬರಿಗೆಗೆ ನಿಮ್ಮ ಕಡೆ ಏನಂತೀರಿ, ಬಾರಿಗೆ ಅಂತೀರೋ ಪೊರಕೆ ಅಂತೀರೋ. ತಂಬ್ರಹಳ್ಳಿಯ ಬೊಮ್ಮಪ್ಪ ಒಂದು ಝೆರಾಕ್ಸಿಗೆ ಬಂದು ಬಸ್ಸು ತಪ್ಪಿಸಿಕೊಂಡು ಹೋಗಿದ್ದಾನೆ. ಹಲವಾಗಲು ನನ್ನ ತವರೂರು. ಹೊಳೆದಂಡೆಯ ಮಾತುಗಳನ್ನೆಲ್ಲ ನನ್ನಿಂದಲೇ ಬಿಡಿಸಿಕೊಂಡಿದ್ದಾರೆ, ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ. ಹತ್ತು ಫಾರಂ ಮುಗಿದಿತ್ತು. ಹನ್ನೊಂದನೆಯದು ಎಂಟು ತಿಂಗಳಾದರೂ ತುಂಬಲಿಲ್ಲ.

ಪಾಳಿ ಬೇರೆಯಾದ ಮೇಲೆ ಒಬ್ಬರಿಗೊಬ್ಬರು ಬರೆದಿಡಲು ಹಗೇವಿನಲ್ಲಿ ಒಂದು ಚೀಟಿ ಕಡತ ಇಟ್ಟೆವು. ಅವರು ನುಡಿಯಲ್ಲಿ ಬರೆದದ್ದು ನನ್ನ ಲಿನಕ್ಸಿನಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದ ಹಾಗೆ ಕಾಣುತ್ತದೆ. ಗಂಗಾ ಅಂತ ಅವರು ನನ್ನ ಹೆಸರು ಬರೆದರೆ ನನಗೆ ಕಾಣುವುದು UÀAUÁ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಹಾಗೇ ಓದಲು ರೂಢಿಯಾಯಿತು. ಮೂವತ್ತೆಂಟು ವರ್ಷ ಆ ಮನುಷ್ಯನ ಮುಖ ಓದಿದವಳಿಗೆ ಅದೇನು ಕಷ್ಟವಲ್ಲ.

ಆ ಚೀಟಿ ಕಡತದಲ್ಲೇ ಮೊದಲ ಸಲ ಬರೆದಿದ್ದರು: ನಿನ್ನೆ ನಾನು ಪುಟ ಮುಚ್ಚಿ ಎದ್ದೆನೋ, ತೆರೆದೇ ಇಟ್ಟೆನೋ, ನೋಡಿದ್ದೀಯಾ. ಬೀಗ ತೆಗೆದು ನಾನು ಬರೆದೆ: ಮುಚ್ಚಿರಬೇಕು, ನನಗೇನು ಗೊತ್ತು. ಹದಿನೈದು ದಿನ ಬಿಟ್ಟು ಮತ್ತೆ. ಆಮೇಲೆ ಬರೆಯುವುದನ್ನು ಬಿಟ್ಟು ಬಾಯಲ್ಲೇ ಕೇಳತೊಡಗಿದರು, ಊಟಕ್ಕೆ ಕೂತಾಗ, ತಟ್ಟೆ ನೋಡುತ್ತ.

“ಎರಡು ಪುಟ ಮಾಡಿದ್ನೆಲ್ಲ ನಿನ್ನಿ. ಹಡಗಲಿ ಕಡೀ ಮಾತು. ಇವತ್ತು ನೋಡಿದ್ರ ಇಲ್ಲ.”

“ಮಾಡಿರಾಕಿಲ್ಲ ಬಿಡ್ರಿ. ಮಾಡಬೇಕು ಅಂದ್ಕೊಂಡಿರಿ, ಅಷ್ಟ.”

ಈ ಮಾತು ನಾನು ಒಂದು ಸಲ ಹೇಳಲಿಲ್ಲ, ಹತ್ತು ಸಲ ಹೇಳಿದ್ದೇನೆ. ಬೇಸರದಲ್ಲಿ ಹೇಳಿದ್ದೇನೆ. ಪಾತ್ರೆ ಬಿದ್ದಿರುತ್ತಿತ್ತು, ಸೊಂಟ ಹಿಡಿದಿರುತ್ತಿತ್ತು, ಸರ್ವರ್ ಕೈಕೊಟ್ಟು ಬೆಳಗ್ಗೆಯೆಲ್ಲ ಮಂದಿಯಿಂದ ಬೈಸಿಕೊಂಡಿರುತ್ತಿದ್ದೆ. ಅವರು ಮಾಡಿದ್ದು ಬಿಟ್ಟದ್ದನ್ನು ಕಾಯುತ್ತ ಕೂರಲು ನನಗೆ ಚೈತನ್ಯ ಇರಲಿಲ್ಲ.

ದಾವಣಗೆರೆಗೆ ಕರೆದುಕೊಂಡು ಹೋದೆ. ನರದ ಡಾಕ್ಟರು ಇವತ್ತು ಯಾವ ವಾರ, ನೂರರಲ್ಲಿ ಏಳು ಹೋದರೆ ಎಷ್ಟು ಅಂತೆಲ್ಲ ಕೇಳಿದರು. ಇವರು ಎಲ್ಲಕ್ಕೂ ಸರಿಯಾಗಿಯೇ ಹೇಳಿದರು. ವಯಸ್ಸಿಗೆ ತಕ್ಕಂತೆ ಇದೆ, ಮರೆತಾಗಲೆಲ್ಲ ತಾರೀಖು ಬರೆದಿಡಿ, ಆರು ತಿಂಗಳು ಬಿಟ್ಟು ಬನ್ನಿ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಇವರು ಜೇಬಿನ ಡೈರಿ ಕೊಂಡು ತಾರೀಖು ಬರೆಯತೊಡಗಿದರು. ಬಸ್ಸಿನಲ್ಲಿ ಬರುವಾಗ ಹರಪನಹಳ್ಳಿ ದಾಟಿದ ಮೇಲೆ, “ನಮ್ಮಪ್ಪಗೂ ಹಿಂಗ ಆಗಿತ್ತು ಕೊನಿಗೆ” ಅಂದರು.

ಅಲ್ಲಿಂದ ಅವರ ಬಿಗುವು ಹೋಯಿತು. ಒಂದು ಒತ್ತಕ್ಷರ ತಪ್ಪಿದರೆ ಅಂಗಡಿಯಲ್ಲಿ ಗಿರಾಕಿಯೆದುರೇ ನನ್ನನ್ನು ಗದರುತ್ತಿದ್ದ ಮನುಷ್ಯ ಈಗ ಲಗ್ನಪತ್ರಿಕೆಯ ಪ್ರೂಫು ತಂದು, “ಒಂದು ಸಲ ನೀ ನೋಡಿಬಿಡು ಗಂಗಾ, ನನ್ನ ಕಣ್ಣು ನಂಬಂಗಿಲ್ಲ” ಅನ್ನತೊಡಗಿದರು. ಅಡಿಗೆಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣತೊಡಗಿದರು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಅಯ್ಯೋ ಅನ್ನಿಸುತ್ತಿತ್ತು, ಜೊತೆಗೆ ಹಿತವೂ ಆಗುತ್ತಿತ್ತು. ನನ್ನ ಮಾತು ಆ ಮನೆಯಲ್ಲಿ ಎರಡನೇ ಸಲ ಹೇಳದೆ ನಡೆದದ್ದು ಆಗಲೇ.

ಕೂಡ್ಲಿಗಿ ಕಡೆಯ ಕುರಿಗಾರ ದೊಡ್ಡಬೀರಪ್ಪ ಬಂದ ದಿನ ನಾನು ಮೂರರ ಮೇಲೂ ಅಂಗಡಿಯಲ್ಲಿದ್ದೆ. ವಿಮೆ ಅರ್ಜಿಯ ಪ್ರಿಂಟಿಗೆ ಬಂದಿದ್ದ. ಇವರು ಕುರ್ಚಿ ಎಳೆದು ಕೂರಿಸಿದರು.

“ಬೀರಪ್ಪ, ಕುರಿ ಕೂಡೋ ಜಾಗಕ್ಕ ಹಡಗಲಿ ಕಡಿ ದಡ್ಡಿ ಅಂತಾರ. ನಿಮ್ಮ ಕಡಿ ಏನಂತೀರಿ?”

ದೊಡ್ಡಬೀರಪ್ಪ ನನ್ನ ಮುಖ ನೋಡಿದ, ಅವರ ಮುಖ ನೋಡಿದ. “ರೊಪ್ಪ ಅಂತೀವ್ರಿ ಯಜಮಾನ್ರ. ಇದು ಮೂರನೇ ಸಲ ಕೇಳ್ತೀರಿ ನೀವು. ಹೋದ ತಿಂಗಳ ಕೇಳಿದ್ರಿ, ಅದರ ಹಿಂದಿನ ತಿಂಗಳ ಕೇಳಿದ್ರಿ.”

“ಹೌದಪ. ನೀ ಹೇಳಿದ್ದು ನೆನಪೈತಿ. ಬರೆದದ್ದೂ ನೆನಪೈತಿ ನನಗ. ಆದ್ರ ಇಲ್ಲಿ ಇಲ್ಲ.” ಅಂದು ಪರದೆ ಮುಟ್ಟಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, “ಬರದೇನಿ ಅಂತ ಕನಸು ಬಿದ್ದಿರಬೇಕು” ಅಂದರು.

ದೊಡ್ಡಬೀರಪ್ಪ ಒಳ್ಳೆಯವನು. ರೊಪ್ಪ, ರೊಪ್ಪ ಅಂತ ಮತ್ತೆರಡು ಸಲ ನಿಧಾನಕ್ಕೆ ಹೇಳಿದ, ಕಿವುಡರಿಗೆ ಹೇಳುವ ಹಾಗೆ. ನಮ್ಮವರು ಡೈರಿ ತೆಗೆದು ಆ ದಿನದ ತಾರೀಖು ಬರೆದುಕೊಂಡರು, ಆಮೇಲೆ ಪರದೆಯ ಮೇಲೂ ರೊಪ್ಪ ಅಂತ ಹೊಡೆದರು.

ಅದಾಗಿ ವಾರಕ್ಕೆ ಕೀಬೋರ್ಡು ಬದಲಿಸಲು ಗವಿಸಿದ್ದೇಶ ಬಂದ. ಬೆಳಗ್ಗೆ ಹತ್ತು ಗಂಟೆ. ಅವತ್ತೂ ಹಗೇವಿಗೆ ಬೀಗ. ನನಗೆ ತಲೆ ಕೆಟ್ಟಿತ್ತು.

“ಇದಕ್ಕ ಯಾಕ ಹಿಂಗ ಬೀಗ ಬೀಳ್ತೈತಪ? ಒಂದು ಸಲ ಪೂರಾ ತೆಗೆದು ಹೋಗಬಾರದೇನು?”

“ವಿಂಡೋಸ್ ಮಲಗಿರ್ತೈತ್ರಿ ಅಕ್ಕಾರ. ಮಲಗೂ ಮುಂದ ಏನೇನು ತೆರೆದಿತ್ತು ಅದನ್ನೆಲ್ಲಾ ಹಂಗ ನೆನಪಿಟ್ಕೊಂಡು ಮಲಗಿರ್ತೈತಿ. ಹಗೇವೂ ಅದರ ಕೈಯಾಗ ಇರ್ತೈತಿ. ಆವಾಗ ಲಿನಕ್ಸ್ ಹೋಗಿ ಅದರಾಗ ಏನರ ಬರದ್ರ ಎರಡೂ ಕಡೀದು ಕಲಸುಮೇಲೋಗರ ಆಕ್ಕೈತಿ. ಅದಕ್ಕ ಓದು, ಬರೀಬ್ಯಾಡ ಅಂತೈತಿ.”

“ಮತ್ತ ನೀ ಕೊಟ್ಟ ಸಾಲು ಏನು ಮಾಡ್ತೈತಿ?”

“ಆ ನೆನಪು ಅಳಿಸಿಬಿಡ್ತೈತಿ. ವಿಂಡೋಸ್ ಹೊಸದಾಗಿ ಎದ್ದಂಗ ಏಳ್ತೈತಿ.”

“ತೆರೆದಿಟ್ಟಿದ್ದು?”

“ಸೇವ್ ಮಾಡಿದ್ದು ಇರ್ತೈತ್ರಿ. ಮಾಡದಿದ್ದು ಹೋಗ್ತೈತಿ. ಸೇವ್ ಮಾಡದ ಯಾರು ಬಿಟ್ಟು ಹೋಗ್ತಾರ ಬಿಡ್ರಿ” ಅಂದು ಅವನು ಹಳೆಯ ಕೀಬೋರ್ಡನ್ನು ಮೇಜಿನಂಚಿಗೆ ಬಡಿದು ಧೂಳು ಉದುರಿಸಿದ.

ನಾನು ಆ ಸಾಲು ಎಷ್ಟು ಸಲ ಹೊಡೆದಿದ್ದೇನೆ ಅಂತ ಯಂತ್ರಕ್ಕೆ ಗೊತ್ತಿರುತ್ತದೆಯೇ ಅಂತ ಕೇಳಿದೆ. ಇರುತ್ತದೆ ಅಂದ. ಏನೋ ಒತ್ತಿದ. ತಾರೀಖಿನ ಸಮೇತ ಸಾಲಾಗಿ ಬಂತು. ಮೂವತ್ತೊಂದು ಸಲ. ಒಂದು ಹಾಳೆಯ ಮೇಲೆ ಬರೆದುಕೊಂಡು ಮಧ್ಯಾಹ್ನ ಮನೆಗೆ ಹೋದೆ. ಅವರು ಉಂಡು ಮಲಗಿದ್ದರು. ಗೂಟದ ಅಂಗಿಯ ಜೇಬಿನಿಂದ ಡೈರಿ ತೆಗೆದು ಅಡಿಗೆಮನೆಯಲ್ಲಿ ಕೂತು ತಾಳೆ ಹಾಕಿದೆ. ಡೈರಿ ಕೊಂಡ ಮೇಲಿನ ನನ್ನ ಹಾಳೆಯ ಪ್ರತಿ ತಾರೀಖೂ ಅವರ ಡೈರಿಯಲ್ಲಿತ್ತು. ಬೆಳಗ್ಗೆ ನಾನು ಅಳಿಸಿದ ದಿನವೇ ಸಂಜೆ ಅವರು ಮರೆತಿದ್ದರು.

ಆಗಲೇ ಎಬ್ಬಿಸಿ ಹೇಳಬೇಕಿತ್ತು. ಹೇಳಲಿಲ್ಲ. ಮೂರು ದಿನ ಸುಮ್ಮನಿದ್ದೆ. ಮಾನಿಟರಿನ ಚೀಟಿ ಕಿತ್ತು ಒಲೆಗೆ ಹಾಕಿದೆ. ಟೈಪಿಂಗ್ ಕೆಲಸ ಬಂದರೆ ಪೆನ್‌ಡ್ರೈವಿಗೆ ಹಾಕಿಟ್ಟೆ. ಇನ್ನು ಮುಂದೆ ಪುಟ ಹೋಗುವುದಿಲ್ಲ, ತನ್ನಷ್ಟಕ್ಕೇ ಸರಿಹೋಯಿತು ಅಂದುಕೊಳ್ಳುತ್ತಾರೆ, ಮಾತ್ರೆ ನಾಟಿತು ಅಂತ ಡಾಕ್ಟರಿಗೂ ಹೆಸರು ಬರುತ್ತದೆ ಅಂತ ಲೆಕ್ಕ ಹಾಕಿದೆ. ಬೈಸಿಕೊಳ್ಳುವ ಹೆದರಿಕೆ ಅಷ್ಟಿರಲಿಲ್ಲ, ಬೈಸಿಕೊಂಡು ಗಟ್ಟಿಯಾಗಿದ್ದೇನೆ. ಆದರೆ ಅವರ ತಲೆ ಸರಿಯಿದೆ ಅಂತ ಗೊತ್ತಾದ ಮರುಗಳಿಗೆ ಹಳೆಯ ಗುರುಸಂಗಪ್ಪ ವಾಪಸು ಬರುತ್ತಾರೆ. ಪ್ರೂಫು ತಂದು ನೋಡು ಅನ್ನುವವರು ಹೋಗುತ್ತಾರೆ. ಈ ಲೆಕ್ಕ ನನ್ನ ಮನಸ್ಸಿನಲ್ಲಿ ಬಂದದ್ದು ನಿಜ. ಅದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ನಾಲ್ಕನೇ ದಿನ ಅವರು ಮೂರು ಗಂಟೆಗೆ ಬಂದರು. ಕೂರಲಿಲ್ಲ. ಬಾಗಿಲ ಬಳಿಯೇ ನಿಂತು, “ಒಂದು ಕೆಲಸ ಮಾಡು ಗಂಗಾ. ಹಗೇವಿನಾಗಿಂದ ಆ ಪುಸ್ತಕ ತೆಗೆದುಬಿಡು. ಹತ್ತೂ ಫಾರಂ” ಅಂದರು.

“ಯಾಕ್ರಿ?”

“ತಲಿ ನಿಲ್ಲದವ ಬರೆದದ್ದು. ಎಲ್ಲೆಲ್ಲಿ ಏನು ತಪ್ಪೈತೋ. ನಾಳೆ ಯಾರರ ಅದನ್ನ ನಂಬಿ ಓದಿದ್ರ? ನನಗ ಕೈ ಬರವಲ್ದು, ನೀ ತೆಗಿ.”

ನಾನು ಎದ್ದು ಅವರ ಜೇಬಿನ ಡೈರಿ ತೆಗೆದು, ನನ್ನ ಹಾಳೆಯ ಜೊತೆ ಜೋಡಿಸಿ ಅವರ ಕೈಗಿಟ್ಟೆ. ಎಲ್ಲ ಹೇಳಿದೆ. ಸಾಲು, ಬೀಗ, ಮಲಗಿದ ಯಂತ್ರ, ಮೂವತ್ತೊಂದು ಸಲ. ನಡುವೆ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮುಂದಕ್ಕೆ ಹೇಳುತ್ತಿರಲಿಲ್ಲ. ಮೂರು ದಿನ ಮುಚ್ಚಿಟ್ಟದ್ದನ್ನೂ ಹೇಳಿದೆ.

ಅವರು ಕನ್ನಡಕ ಏರಿಸಿ ಒಂದೊಂದು ತಾರೀಖಿಗೂ ಬೆರಳಿಟ್ಟು ನೋಡಿದರು, ಪ್ರೂಫು ನೋಡುವ ಹಾಗೆ. ಮುಖ ಕೆಂಪಗಾಯಿತು.

“ಕಟ್ಟಿಟ್ಟ ಮ್ಯಾಟರ್ ಬಿಚ್ಚಿದ್ದಿ ನೀನು.”

“ಹೂಂ ರಿ.”

“ಮೂವತ್ತೊಂದು ಸಲ.”

“ಹೂಂ.”

“ನಮ್ಮಪ್ಪನ ಪ್ರೆಸ್ಸಿನಾಗ ಒಬ್ಬಾವ ಒಂದ ಸಲ ಬಿಚ್ಚಿದ್ದಕ್ಕ ಅಪ್ಪ ಕಪಾಳಕ್ಕ ಬಿಟ್ಟು ಮನಿಗೆ ಕಳಿಸಿದ್ದ” ಅಂದರು. ಅಂದು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕುರ್ಚಿ ಹಿಡಿದು ಕೂತರು. “ಹಂಗಾರ ರೊಪ್ಪ ನಾ ಬರೆದಿದ್ದೆ. ಮೂರೂ ಸಲ ಬರೆದಿದ್ದೆ.”

“ಬರೆದಿದ್ರಿ. ನಾನ ಅಳಿಸೀನಿ.”

ಅವರು ಆಗಲೇ ಕೂತು ಹನ್ನೊಂದನೇ ಫಾರಂ ತೆರೆದು ರೊಪ್ಪ ಅಂತ ಹೊಡೆದರು. ಸೇವ್ ಮಾಡುವುದು ಎಲ್ಲಿ ಅಂತ ನನ್ನನ್ನು ಕೇಳಲಿಲ್ಲ, ತಾವೇ ಮಾಡಿದರು. ಹಿಂದಕ್ಕೆ ತಿರುಗದೆಯೇ, ಮೇಜಿನ ಮೇಲೆ ಇಷ್ಟು ಧೂಳು ಹೆಂಗ ಬಿಟ್ಟಿ ಅಂತ ಗದರಿದರು. ನನಗೆ ಬೇಸರವೂ ಆಯಿತು, ಎದೆಯ ಮೇಲಿನ ಭಾರ ಇಳಿದ ಹಾಗೂ ಆಯಿತು. ಮನೆಗೆ ಹೋಗಿ ಎರಡು ತಾಸು ಮಲಗಬೇಕು ಅಂತ ಕೈಚೀಲ ತಗೊಂಡೆ.

ಮೆಟ್ಟಿಲ ತನಕ ಬಂದಿದ್ದೆ, ಹಿಂದಿನಿಂದ ಎದ್ದು ಬಂದರು. ದನಿ ಇಳಿದಿತ್ತು.

“ಗಂಗಾ, ಒಂದು ಕೇಳ್ತೀನಿ. ಹೋದ ಸೋಮವಾರ ಸ್ಟೇಷನ್ ಕಡಿಂದ ಬರಬೇಕಾದ್ರ ನಮ್ಮ ಓಣಿ ಸಿಗಲಿಲ್ಲ ನನಗ. ಯಾವ ಕಡಿ ತಿರುಗಬೇಕು ತಿಳೀಲಿಲ್ಲ. ಅರ್ಧ ತಾಸು ನಿಂತಿದ್ದೆ. ಹೂವಿನ ಪಕ್ಕೀರಮ್ಮ ಕೈ ಹಿಡಕೊಂಡು ಬಂದು ಬಾಗಿಲಿಗೆ ಬಿಟ್ಟು ಹೋದ್ಲು. ನಾಚಿಕಿ ಆಗಿ ಅದನ್ನ ಡೈರಿಗೆ ಬರೀಲಿಲ್ಲ.”

ನಾನು ಅವರನ್ನೇ ನೋಡಿದೆ. ಹುಟ್ಟಿದ ಓಣಿ ಅದು ಅವರಿಗೆ.

“ಅದನ್ನೂ ನೀನ ಅಳಿಸಿದ್ದಿ ಅನ್ನು” ಅಂದರು.

“ಹೂಂ ರಿ” ಅಂದೆ. “ಅದನ್ನೂ ನಾನ.”

ಅವರು ತಲೆ ಆಡಿಸಿದರು. ಯಾರೋ ಝೆರಾಕ್ಸ್ ಐತೇನ್ರಿ ಅಂತ ಕೇಳುತ್ತ ಮೆಟ್ಟಿಲು ಹತ್ತಿ ಬಂದರು. ನಾನು ಕೈಚೀಲ ಕೆಳಗಿಟ್ಟು ಒಳಗೆ ಹೋದೆ.